ಮೂರನೇ ಹಂತದ ದೀಕ್ಷೆಗೆ 65 ಸಾವಿರ ಕೇಳುತ್ತಿದ್ದಾರೆ. ಕಟ್ಟಲಾ, ಬೇಡವಾ?

ವಿಜಯನಗರದವನು:

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 36 ವರ್ಷ. ಮನೆ ವಿಜಯನಗರ, ಆಫೀಸು ಬೆಳ್ಳಂದೂರು. ದಿನಕ್ಕೆ ಮೂರು ಗಂಟೆ ರಸ್ತೆಗೇ ಹೋಗುತ್ತದೆ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ನೋಡಿದರೆ ಅಪ್ಪನ ಚಪ್ಪಲಿ ಬಾಗಿಲ ಪಕ್ಕ ಹಾಗೇ ಇತ್ತು. ಅದನ್ನು ಅಲ್ಲಿಂದ ತೆಗೆಯಲು ನನಗೆ ಆರು ತಿಂಗಳು ಹಿಡಿಯಿತು. ಆಗಿನಿಂದ ತಲೆಯಲ್ಲಿ ಒಂದೇ ಕೊರೆತ. ಇಷ್ಟೇನಾ? ಬೆಳಗ್ಗೆ ಎದ್ದು ಕ್ಯಾಬ್ ಹತ್ತಿ, ಇಎಂಐ ಕಟ್ಟಿ, ಒಂದು ದಿನ ಚಪ್ಪಲಿ ಬಿಟ್ಟು ಹೊರಡುವುದಾ?

ನಿದ್ದೆ ಬರದೆ ರಾತ್ರಿ ವಿಡಿಯೊ ನೋಡಲು ಶುರು ಮಾಡಿದೆ. ಚಕ್ರ, ಕುಂಡಲಿನಿ, ಮೂರನೇ ಕಣ್ಣು, ಸೂಕ್ಷ್ಮ ಶರೀರ, ಹಿಮಾಲಯದ ಗುಪ್ತ ವಿದ್ಯೆ, ಒಂದು ನೋಡಿದರೆ ಅದರ ಬಾಲ ಹಿಡಿದು ಹತ್ತು ಬರುತ್ತವೆ, ನಿಮಗೂ ಗೊತ್ತಿರುತ್ತದೆ. ಹಾಗೇ ಒಂದು ಆನ್‌ಲೈನ್ ಕೋರ್ಸಿಗೆ ಸೇರಿದೆ, ಹೆಸರು ಬೇಡ. ಮೊದಲ ಹಂತ 4,999 ರೂಪಾಯಿ. ಎರಡನೆಯದು 18,000. ಅದರಲ್ಲಿ ಒಂದು ಮಂತ್ರ ಕೊಟ್ಟರು, ಹೆಂಡತಿಗೂ ಹೇಳಬಾರದು ಅಂತ ಮಾತು ತೆಗೆದುಕೊಂಡರು, ಜೊತೆಗೆ ಉಸಿರು ಕಟ್ಟಿ ಹಿಡಿಯುವ ಒಂದು ಅಭ್ಯಾಸ ಕಲಿಸಿದರು. ಈಗ ಮೂರನೇ ಹಂತ. ಕನಕಪುರ ರಸ್ತೆಯ ಕಡೆ ಒಂದು ರೆಸಾರ್ಟಿನಲ್ಲಿ ಮೂರು ದಿನ, 65,000. 21 ಜನಕ್ಕೆ ಮಾತ್ರ ಜಾಗ ಅಂತೆ. ಮುಂಗಡ 5,000 ಕೊಟ್ಟಾಗಿದೆ.

ಏನೂ ಆಗಿಲ್ಲ ಅಂತ ಹೇಳಲಾರೆ. ಹುಬ್ಬಿನ ನಡುವೆ ನೀಲಿ ಬೆಳಕು ಕಂಡಿದೆ. ಬೆನ್ನಲ್ಲಿ ಬಿಸಿ ಏರಿದೆ. ಒಂದೆರಡು ಸಲ ಹತ್ತು ನಿಮಿಷ ಎಲ್ಲ ನಿಂತುಹೋದ ಹಾಗೆ ಅನ್ನಿಸಿದೆ.

ಆದರೆ ಹೋದ ಮಂಗಳವಾರ ಬೆಳಗ್ಗೆ ಐದೂಮುಕ್ಕಾಲಿಗೆ ಕೂತಿದ್ದೆ. ಅಮ್ಮ ಕುಕ್ಕರ್ ಇಟ್ಟಿದ್ದರು. ಮೊದಲನೇ ಸೀಟಿಗೆ ಹಲ್ಲು ಕಚ್ಚಿದೆ. ಎರಡನೆಯದಕ್ಕೆ ಮಂತ್ರ ತಪ್ಪಿತು. ಮೂರನೆಯದಕ್ಕೆ ಎದ್ದು ಹೋಗಿ, "ಈ ಮನೇಲಿ ಒಬ್ಬ ಮನುಷ್ಯ ನೆಮ್ಮದಿಯಾಗಿ ಧ್ಯಾನ ಮಾಡೋ ಹಾಗಿಲ್ವಾ" ಅಂತ ಕಿರುಚಿದೆ. 68 ವರ್ಷದ ಅಮ್ಮ ಮಾತಾಡದೆ ಒಲೆ ಆರಿಸಿ ಮಣೆ ಮೇಲೆ ಕೂತುಬಿಟ್ಟರು. ಹೆಂಡತಿ ಹೇಳಿದ್ದು ಇನ್ನೂ ಚುಚ್ಚಿತು: "ರೀ, ನೀವು ಧ್ಯಾನ ಮಾಡದೇ ಇದ್ದಾಗಲೇ ಚೆನ್ನಾಗಿದ್ರಿ."

ಕೋರ್ಸಿನ ಗುಂಪಿನಲ್ಲಿ ಇದನ್ನು ಹೇಳಿದೆ. ಹಳೆಯ ಕರ್ಮ ಸುಡುವಾಗ ಹೀಗೇ ಆಗುತ್ತದೆ, ಮೂರನೇ ಹಂತದಲ್ಲಿ ಸರಿಹೋಗುತ್ತದೆ ಅಂದರು.

ಕಟ್ಟಲಾ? ಕಟ್ಟದಿದ್ದರೆ ಇದನ್ನೆಲ್ಲ ಬೆಂಗಳೂರಿನಲ್ಲಿ ನಿಜವಾಗಿ ಎಲ್ಲಿ ಕಲಿಯುವುದು? ದಯವಿಟ್ಟು "ದೇವಸ್ಥಾನಕ್ಕೆ ಹೋಗಿ ಸಾರ್" ಅನ್ನಬೇಡಿ, ಅದನ್ನು ಅಮ್ಮ ದಿನಾ ಹೇಳುತ್ತಾರೆ.

ಬೈಟು ಕಾಫಿ:

65 ಸಾವಿರ ನನಗೆ ಕೊಡಿ. "ಸುಮ್ನೆ ಕೂತ್ಕೊಳ್ಳಿ" ಅಂತ ನಾನೇ ಹೇಳುತ್ತೇನೆ. ಬೇಕಾದರೆ ಹುಬ್ಬಿಗೆ ಟಾರ್ಚ್ ಕೂಡ ಬಿಡುತ್ತೇನೆ.

ಗಾಂಧಿ ಬಜಾರ್ ಅಂಕಲ್:

ತಮಾಷೆ ಇರಲಿ, ಈ ಪ್ರಶ್ನೆ ಒಂದು ಕಾಲಕ್ಕೆ ನನ್ನದೂ ಆಗಿತ್ತು. ನಾನು ಬ್ಯಾಂಕಿನಲ್ಲಿದ್ದು ರಿಟೈರ್ ಆದವನು. 1990ರ ಸುಮಾರಿಗೆ ಥಿಯಾಸಫಿ ಹುಚ್ಚು ಹಿಡಿದಿತ್ತು. ಮೇಡಂ ಬ್ಲಾವಟ್ಸ್ಕಿ, ಕರ್ನಲ್ ಆಲ್ಕಾಟ್ ಮತ್ತೆ ಕೆಲವರು ಸೇರಿ 1875ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಸೊಸೈಟಿ ಅದು, ಆಮೇಲೆ ಮದ್ರಾಸಿನ ಅಡ್ಯಾರಿಗೆ ಬಂತು. ಅವರ ಉದ್ದೇಶ ಮೂರು. ಜಾತಿ, ಮತ, ಬಣ್ಣ ನೋಡದೆ ಮನುಷ್ಯರೆಲ್ಲ ಬಂಧುಗಳು ಅನ್ನುವುದು ಮೊದಲನೆಯದು. ಧರ್ಮ, ದರ್ಶನ, ವಿಜ್ಞಾನವನ್ನು ಹೋಲಿಸಿ ಓದುವುದು ಎರಡನೆಯದು. ಪ್ರಕೃತಿಯ ಗುಟ್ಟು, ಮನುಷ್ಯನೊಳಗೆ ಅಡಗಿರುವ ಶಕ್ತಿ, ಇವುಗಳನ್ನು ಹುಡುಕುವುದು ಮೂರನೆಯದು. ನಾನು ನೇರವಾಗಿ ಮೂರನೆಯದಕ್ಕೆ ಹಾರಿದೆ. ಎಲ್ಲರೂ ಹಾರುವುದು ಅಲ್ಲಿಗೇ.

1888ರಲ್ಲಿ ಬಂದ ಬ್ಲಾವಟ್ಸ್ಕಿಯವರ ಎರಡು ದಪ್ಪ ಸಂಪುಟಗಳಿವೆ, 'ದಿ ಸೀಕ್ರೆಟ್ ಡಾಕ್ಟ್ರಿನ್'. ಪೆನ್ಸಿಲ್ ಹಿಡಿದು ಮೂರು ವರ್ಷ ಓದಿದೆ. ಮದುವೆ ಊಟಕ್ಕೆ ಕೂತರೆ ಪಕ್ಕದ ಎಲೆಯವರಿಗೆ ಲೋಕಗಳು, ಮೂಲ ಜನಾಂಗಗಳು ಅಂತ ಶುರು ಹಚ್ಚುತ್ತಿದ್ದೆ. ಹೋಳಿಗೆ ಬರುವ ಹೊತ್ತಿಗೆ ಪಕ್ಕದ ಜಾಗ ಖಾಲಿ. ಮೂರು ವರ್ಷದಲ್ಲಿ ನನ್ನ ಸಿಟ್ಟು ಮತ್ತು ಜಿಪುಣತನ ಒಂದಿಂಚೂ ಕದಲಿರಲಿಲ್ಲ. ಜಿಪುಣತನದ ಬಗ್ಗೆ ಮನೆಯವಳು ಈಗಲೂ ಬೇರೆ ಅಭಿಪ್ರಾಯ ಹೇಳಲಾರಳು.

ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ರಸ್ತೆ ಇದೆಯಲ್ಲ, ಆ ವಾಡಿಯಾ ಕೂಡ ಥಿಯಾಸಫಿಯವರೇ. 1918ರಲ್ಲಿ ಮದ್ರಾಸಿನ ಗಿರಣಿ ಕಾರ್ಮಿಕರಿಗೆ ಸಂಘ ಕಟ್ಟಿಕೊಟ್ಟವರು. ಗುಪ್ತ ವಿದ್ಯೆ ಓದುತ್ತಿದ್ದ ಮನುಷ್ಯ ಕೂಲಿಯವರ ಜೊತೆ ಹೋಗಿ ನಿಂತರು ಅನ್ನುವುದು ನನಗೆ ತುಂಬ ತಡವಾಗಿ ಹೊಳೆಯಿತು. 1945ರಲ್ಲಿ ಅವರು ಇಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಶುರು ಮಾಡಿದರು. ಅಲ್ಲಿ ಒಳ್ಳೆಯ ಲೈಬ್ರರಿ ಇದೆ. ಹತ್ತಿರದಲ್ಲೇ ಯುನೈಟೆಡ್ ಲಾಡ್ಜ್ ಆಫ್ ಥಿಯಾಸಫಿಸ್ಟ್ಸ್ ಇದೆ, ಅಲ್ಲಿ ಅಧ್ಯಕ್ಷರೂ ಇಲ್ಲ, ಫೀಸೂ ಇಲ್ಲ. ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಮಠಕ್ಕೂ ಅಲ್ಲಿಂದ ಆರಾಮವಾಗಿ ನಡೆದು ಹೋಗಬಹುದು. ಒಂದು ಶನಿವಾರ ಈ ಮೂರನ್ನೂ ಸುತ್ತಿ ಬನ್ನಿ. ಮಧ್ಯೆ ಒಂದು ದೋಸೆ ತಿಂದರೂ ಇನ್ನೂರು ರೂಪಾಯಿ ದಾಟುವುದಿಲ್ಲ.

ಇನ್ನು ಗುಟ್ಟಿನ ವಿಷಯ. ಹಿಂದಿನವರು ವಿದ್ಯೆ ಮುಚ್ಚಿಡುತ್ತಿದ್ದದ್ದು ನಿಜ. ಕೇಳುವವನಿಗೆ ಯೋಗ್ಯತೆ ಇದೆಯಾ ಅಂತ ನೋಡುತ್ತಿದ್ದರು. ಕಠೋಪನಿಷತ್ತಿನ ನಚಿಕೇತನನ್ನೇ ತೆಗೆದುಕೊಳ್ಳಿ. ಸತ್ತ ಮೇಲೆ ಏನು ಅಂತ ಯಮನನ್ನು ಕೇಳುತ್ತಾನೆ. ನಿಮ್ಮ ಪ್ರಶ್ನೆಯೇ ಅಲ್ವಾ ಅದು? ಯಮ ಏನು ಮಾಡುತ್ತಾನೆ? ಆನೆ ಕೊಡುತ್ತೇನೆ, ಕುದುರೆ ಕೊಡುತ್ತೇನೆ, ಚಿನ್ನ ಕೊಡುತ್ತೇನೆ, ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳನ್ನು ಕೊಡುತ್ತೇನೆ, ಇದೊಂದನ್ನು ಬಿಡಪ್ಪಾ ಅನ್ನುತ್ತಾನೆ. ಹುಡುಗ ಜಗ್ಗುವುದಿಲ್ಲ. ಅಲ್ಲಿ ಗುರು ತಾನೇ ಕೊಡಲು ಬಂದ, ಕೇಳಬೇಡ ಅಂತ. ನಿಮ್ಮವರು ನಿಮ್ಮ ಕೈಯಿಂದಲೇ ಕೇಳುತ್ತಿದ್ದಾರೆ, ಅದೂ ಮುಂಗಡ.

ವೇದಾಂತ ಕಲಿಯಲು ಬೇಕಾದ ಸಾಧನ ಚತುಷ್ಟಯ ಅಂತ ನಾಲ್ಕಿವೆ. ವಿವೇಕ, ವೈರಾಗ್ಯ, ಶಮ ದಮ (ಮನಸ್ಸು, ಇಂದ್ರಿಯಗಳ ಹಿಡಿತ) ಮುಂತಾದ ಆರು ಗುಣ, ಬಿಡುಗಡೆಯ ಹಂಬಲ. ನೀಲಿ ಬೆಳಕು ಆ ಪಟ್ಟಿಯಲ್ಲಿ ಇಲ್ಲ. ಪತಂಜಲಿ ಹೇಳಿದ ಯೋಗದ ಎಂಟು ಅಂಗದಲ್ಲೂ ಪ್ರಾಣಾಯಾಮ ನಾಲ್ಕನೆಯದು. ಮೊದಲಿನ ಯಮ (ಹಿಂಸೆ, ಸುಳ್ಳು ಬಿಡುವಂಥ ಸಂಯಮ), ನಿಯಮ (ದಿನದ ಶಿಸ್ತು) ಎರಡನ್ನೂ ಹಾರಿ ಬಂದಿದ್ದೀರಿ. ಮಂಗಳವಾರ ಅಮ್ಮನ ಮುಂದೆ ಎಡವಿದ್ದು ಅಲ್ಲಿಯೇ.

ಯಲಹಂಕದ ಟೀಚರ್:

ನಾನು ತುಮಕೂರು ರಸ್ತೆಯ ಆಲೂರಿನ ಹತ್ತಿರ ಇರುವ ಧಮ್ಮ ಪಫುಲ್ಲ ಧ್ಯಾನಕೇಂದ್ರದಲ್ಲಿ ಹತ್ತು ದಿನದ ವಿಪಶ್ಯನ ಶಿಬಿರ ಎರಡು ಸಲ ಮಾಡಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಫೀಸು ಇಲ್ಲ. ಊಟ, ರೂಮು, ಯಾವುದಕ್ಕೂ ಇಲ್ಲ. ಹಿಂದೆ ಕಲಿತವರು ಕೊಟ್ಟ ದಾನದಲ್ಲಿ ನಡೆಯುತ್ತದೆ, ಕೋರ್ಸ್ ಮುಗಿಸಿದ ಮೇಲೆ ಮನಸ್ಸಿದ್ದರೆ ನೀವೂ ಕೊಡಬಹುದು. ಮೊಬೈಲ್ ಮೊದಲ ದಿನವೇ ಒಪ್ಪಿಸಬೇಕು. ಪುಸ್ತಕ, ಪೆನ್ನು, ಜಪಮಾಲೆ ಎಲ್ಲ ಹೊರಗೆ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ. ದಿನಕ್ಕೆ ಹತ್ತು ಗಂಟೆಗೂ ಜಾಸ್ತಿ ಕೂರುವುದು. ಮಧ್ಯಾಹ್ನ ಹನ್ನೊಂದಕ್ಕೆ ಊಟ ಆದರೆ ಆಮೇಲೆ ಸಂಜೆ ಐದಕ್ಕೆ ಟೀ, ಹಣ್ಣು, ಸ್ವಲ್ಪ ಕಡ್ಲೆಪುರಿ, ಅಷ್ಟೇ. ಎರಡನೇ ಸಂಜೆ ಆ ಪುರಿಯನ್ನು ನಾನು ಒಂದೊಂದೇ ಎಣಿಸಿ ತಿಂದಿದ್ದೇನೆ. ನೂರಾ ನಲವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು, ಅದಕ್ಕೂ ಅಳು ಬಂತು.

ಮೊದಲ ಮೂರು ದಿನ ಬರೀ ಉಸಿರು. ಬರುವುದು, ಹೋಗುವುದು. ಕಟ್ಟಿ ಹಿಡಿಯುವುದಿಲ್ಲ, ಎಣಿಸುವುದಿಲ್ಲ, ಮಂತ್ರ ಇಲ್ಲ. ನಾಲ್ಕನೇ ದಿನದಿಂದ ಮೈಯಲ್ಲಿ ಏಳುವ ಉರಿ, ಜುಮ್ಮು, ತುರಿಕೆ ಎಲ್ಲವನ್ನೂ ತಲೆಯಿಂದ ಕಾಲಿನವರೆಗೆ ನೋಡುತ್ತಾ ಹೋಗುವುದು. ನನಗೂ ಬೆಳಕು ಕಂಡಿತ್ತು. ಖುಷಿಯಿಂದ ಹೋಗಿ ಹೇಳಿದೆ. ಅಲ್ಲಿದ್ದ ಆಚಾರ್ಯರು ಜ್ವರ ಎಷ್ಟಿದೆ ಅಂತ ಕೇಳುವ ಡಾಕ್ಟರ ಹಾಗೆ ಮುಖ ಮಾಡಿ, "ಸರಿ, ಉಸಿರಿಗೆ ವಾಪಸ್ ಹೋಗಿ" ಅಂದರು. ಅಷ್ಟು ಅವಮಾನ ಎಂದೂ ಆಗಿರಲಿಲ್ಲ.

ಈ ಪದ್ಧತಿಯನ್ನು ಹರಡಿದ ಗೋಯೆಂಕಾ ಅವರ ಕಥೆ ನಿಮಗೆ ಹಿಡಿಸಬಹುದು. ಬರ್ಮಾದಲ್ಲಿ ದೊಡ್ಡ ವ್ಯಾಪಾರಿ, ಮೈಗ್ರೇನಿಗೆ ಮಾರ್ಫಿನ್ ಚುಚ್ಚಿಸಿಕೊಳ್ಳುವ ಸ್ಥಿತಿ. ಗುರು ಊ ಬಾ ಖಿನ್ ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿ ದೊಡ್ಡ ಅಧಿಕಾರಿ. ಬರೀ ತಲೆನೋವು ಹೋಗಲಿ ಅಂತ ಬರುವುದಾದರೆ ಬೇಡ ಅಂತ ಮೊದಲು ವಾಪಸ್ ಕಳಿಸಿದರು. ಆಮೇಲೆ 1955ರಲ್ಲಿ ಸೇರಿಸಿಕೊಂಡರು. 1969ರಲ್ಲಿ ಗೋಯೆಂಕಾ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದರು.

ಆದರೆ ನೀವು ಈಗಲೇ ಹೋಗಿ ಅಂತ ನಾನು ಹೇಳುವುದಿಲ್ಲ. ಹತ್ತು ದಿನ ಮೌನ ಅಂದರೆ ತಮಾಷೆ ಅಲ್ಲ, ಅದರಲ್ಲೂ ಒಳಗೆ ಅಪ್ಪ ಕೂತಿರುವಾಗ. ಅರ್ಜಿಯಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಕೇಳುತ್ತಾರೆ, ಮುಚ್ಚಿಡಬೇಡಿ. ಹಾಗೇ ಇದರಲ್ಲೂ ಅಹಂಕಾರ ಬೆಳೆಯುತ್ತದೆ. ಮೊದಲ ಸಲ ಮನೆಗೆ ಬಂದು ಒಂದು ತಿಂಗಳು ನಮ್ಮವರಿಗೆ "ಕೋಪ ಬಂದಾಗ ಉಸಿರು ನೋಡಿ" ಅಂತ ಪಾಠ ಮಾಡಿದೆ. ಪಾಪ, ಅವರು ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದರು.

ಧಾರವಾಡ ಪೇಡೆ:

ಅಂಕಲ್ ಅವರ ಮಾತು ಬಹಳ ಛಲೋ ಇದೆ, ಆದರೆ ಒಂದು ಕಡೆ ನಾನು ಒಪ್ಪುವುದಿಲ್ಲ. ಲೈಬ್ರರಿಯಲ್ಲಿ ಕೂತರೆ ಇದು ಸಿಗುತ್ತದೆ ಅನ್ನುವ ಹಾಗೆ ಬರೆದಿದ್ದಾರೆ. ಗುಟ್ಟು ಅಂದ ಕೂಡಲೇ ಮೋಸ ಅಂತಲೂ ಅನ್ನಲಾಗದು. ಕಿವಿಯಲ್ಲಿ ಮಂತ್ರ ಹೇಳುವ ಪದ್ಧತಿ ನಮ್ಮಲ್ಲಿ ತಲೆಮಾರುಗಳಿಂದ ಇದೆ.

ನಮ್ಮ ಅಮ್ಮ (ಅಪ್ಪನ ತಾಯಿ, ನಾವು ಹಾಗೇ ಕರೆಯುವುದು) ಓದು ಬಾರದವಳು. ದಿನಾ ಜಳಕ ಮಾಡಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕಣ್ಣು ಮಿಟುಕಿಸದೆ ನೋಡುತ್ತಾ ಕೂರುತ್ತಿದ್ದಳು. ಹತ್ತು ನಿಮಿಷ ಇರಬಹುದು. ಪಕ್ಕದಲ್ಲಿ ನಾವು ಮಕ್ಕಳು ಹೊಡೆದಾಡುತ್ತಿದ್ದೆವು, ಎಮ್ಮೆ ಒದರುತ್ತಿತ್ತು. ಅವಳು ಅಲುಗುತ್ತಿರಲಿಲ್ಲ, ನಮಗೆ ಬೈಯುತ್ತಲೂ ಇರಲಿಲ್ಲ. ಎದ್ದವಳೇ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಬೆಂಗಳೂರಿಗೆ ಬಂದ ಮೇಲೆ ಯಾರೋ ನನಗೆ ತ್ರಾಟಕ ಅಂತ ಒಂದು ಕೋರ್ಸಿನ ಜಾಹೀರಾತು ಕಳಿಸಿದರು. ಓದಿ ನೋಡಿದರೆ ಅಮ್ಮ ಮಾಡುತ್ತಿದ್ದದ್ದೇ.

ನೀವು ಅಪ್ಪನ ಬಗ್ಗೆ ಬರೆದದ್ದು ಓದಿ ನನಗೆ ವಚನಕಾರ ಅಲ್ಲಮ ನೆನಪಾದ. ಹರಿಹರ ಕವಿಯ ರಗಳೆಯಲ್ಲಿ ಅಲ್ಲಮ ಮದ್ದಳೆ ಬಾರಿಸುವವನು. ಹೆಂಡತಿ ಕಮಲತೆ ಜ್ವರ ಬಂದು ಸಾಯುತ್ತಾಳೆ. ಹುಚ್ಚನ ಹಾಗೆ ಅಲೆದು ಅಲೆದು ಒಂದು ತೋಟದಲ್ಲಿ ಕೂತು ಸುಮ್ಮನೆ ಕಾಲುಗುರಿನಿಂದ ನೆಲ ಕೆರೆಯುತ್ತಾನೆ. ಮಣ್ಣಿನಲ್ಲಿ ಏನೋ ಹೊಳೆಯುತ್ತದೆ. ಅಗೆಸಿದರೆ ಗುಡಿಯ ಕಳಸ! ಪೂರ್ತಿ ಗುಡಿಯೇ ಹೂತುಹೋಗಿದೆ. ಬಾಗಿಲು ಒದ್ದು ಒಳಗೆ ಹೋದರೆ ಅಂಗೈಯ ಲಿಂಗ ನೋಡುತ್ತಾ ಒಬ್ಬ ಕೂತಿದ್ದಾನೆ. ಹೆಸರು ಅನಿಮಿಷ, ಅಂದರೆ ಕಣ್ಣು ಮಿಟುಕಿಸದವನು. ಅಲ್ಲಮನಿಗೆ ಗುರು ಸಿಕ್ಕಿದ್ದು ಹಾಗೆ. ಅವನಿಗೂ ಶುರು ಆಗಿದ್ದು ಸಾವಿನ ದುಃಖದಿಂದಲೇ ರೀ.

ಶಕ್ತಿ, ಸಿದ್ಧಿ ಅನ್ನುವವರಿಗೆ ಅದೇ ಅಲ್ಲಮನ ಇನ್ನೊಂದು ಕಥೆ ಸಾಕು. ಶರಣರ ವಚನಗಳನ್ನು ಸಂಭಾಷಣೆಯಾಗಿ ಜೋಡಿಸಿದ ಶೂನ್ಯಸಂಪಾದನೆಯಲ್ಲಿ ಗೋರಕ್ಷ ಅನ್ನುವ ಸಿದ್ಧ, ನನ್ನದು ವಜ್ರದ ಮೈ ಅಂತ ಅಲ್ಲಮನ ಕೈಗೆ ಕತ್ತಿ ಕೊಡುತ್ತಾನೆ. ಹೊಡೆದರೆ ಖಣ್ ಅನ್ನುತ್ತದೆ, ಮೈಗೆ ಏನೂ ಆಗುವುದಿಲ್ಲ. ಈಗ ನನಗೆ ಹೊಡಿ ಅನ್ನುತ್ತಾನೆ ಅಲ್ಲಮ. ಕತ್ತಿ ಗಾಳಿಯಲ್ಲಿ ಬೀಸಿದ ಹಾಗೆ ಹಾದುಹೋಗುತ್ತದೆ. ತಾಗಲು ಅಲ್ಲಿ ಏನೂ ಇಲ್ಲ. ಗೋರಕ್ಷ ಕಾಲಿಗೆ ಬೀಳುತ್ತಾನೆ.

ಇಂಥ ಒಗಟನ್ನು ನಮ್ಮ ಕಡೆ ತತ್ವಪದ ಅಂತ ಭಜನೆಯಲ್ಲಿ ಹಾಡುತ್ತಾರೆ. ಶಿಶುನಾಳ ಶರೀಫರು (1819-1889) ಮುಸ್ಲಿಂ, ಅವರ ಗುರು ಗೋವಿಂದಭಟ್ಟರು ಬ್ರಾಹ್ಮಣ. ಆ ಪದಗಳ ಒಳ ಅರ್ಥ ಗುಪ್ತವೇ, ಆದರೆ ಹಾಡುವುದು ಊರ ಕಟ್ಟೆಯ ಮೇಲೆ, ಏಕತಾರಿ ದಮ್ಮಡಿ ಹಿಡಿದು, ದನ ಕಟ್ಟಿ ಬಂದವರು. ತಿಳಿದವನಿಗೆ ತಿಳಿಯುತ್ತದೆ, ಉಳಿದವರಿಗೆ ಹಾಡಾದರೂ ಸಿಗುತ್ತದೆ. 21 ಜನಕ್ಕೆ ಮಾತ್ರ ಅಂತ ಯಾರೂ ಚೀಟಿ ಹರಿದಿಲ್ಲ.

ಹೆಬ್ಬಾಳ ಫ್ಲೈಓವರ್:

ಎಲ್ಲರೂ ದುಡ್ಡು ಅಂದ ಕೂಡಲೇ ಮುಗಿಬೀಳಬೇಡಿ. ನಾನು ಫೀಸು ಕಟ್ಟಿಯೇ ಯೋಗ, ಧ್ಯಾನ ಕಲಿತೆ, ಕುಡಿತ ಬಿಟ್ಟೆ, ನಾಲ್ಕು ವರ್ಷ ಆಯಿತು. ಹಾಲಿನ ಬಾಡಿಗೆ, ಊಟ, ಕಲಿಸುವವರ ಹೊಟ್ಟೆಪಾಡು ಎಲ್ಲದಕ್ಕೂ ದುಡ್ಡು ಬೇಕು ಅಲ್ವಾ? ನಾನು ನೋಡಿದ್ದು ಇಷ್ಟೇ: ಬಿಟ್ಟು ಹೋಗುತ್ತೇನೆ ಅಂದಾಗ ಅವರು ಹೇಗೆ ನಡೆದುಕೊಳ್ಳುತ್ತಾರೆ. ನಮ್ಮ ಮೇಷ್ಟ್ರು "ಆಯ್ತು, ಮತ್ತೆ ಬೇಕಾದಾಗ ಬನ್ನಿ" ಅಂದಿದ್ದರು. ನೀವೂ ಒಂದು ಸಲ ಬರುವುದಿಲ್ಲ ಅಂತ ಹೇಳಿ ನೋಡಿ.

ಡೈರಿ ಸರ್ಕಲ್:

ನಾನು ಆಪ್ತಸಮಾಲೋಚಕಿ. ಇಲ್ಲಿ ಕೂತು ಯಾರಿಗೂ ಕಾಯಿಲೆ ಹೆಸರಿಡುವುದಿಲ್ಲ, ಆದರೆ ಕೆಲವು ಪ್ರಶ್ನೆ ಕೇಳಬೇಕು. ದಿನಕ್ಕೆ ಎಷ್ಟು ಗಂಟೆ ನಿದ್ದೆ ಮಾಡುತ್ತೀರಿ? ಉಸಿರು ಕಟ್ಟುವ ಅಭ್ಯಾಸ ಎಷ್ಟು ಹೊತ್ತು? ಎದೆ ಹೊಡೆದುಕೊಳ್ಳುವುದು, ಯೋಚನೆ ನಿಲ್ಲದೆ ಓಡುವುದು, ನನಗೇ ಏನೋ ವಿಶೇಷ ಕೆಲಸ ವಹಿಸಲಾಗಿದೆ ಅನ್ನಿಸುವುದು, ಯಾರೂ ಇಲ್ಲದಾಗ ಮಾತು ಕೇಳಿಸುವುದು, ಇವು ಏನಾದರೂ ಇವೆಯಾ? ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಇತ್ತಾ? ಇದ್ದರೆ ಉಸಿರಿನ ಅಭ್ಯಾಸ ಇವತ್ತೇ ನಿಲ್ಲಿಸಿ, ಡಾಕ್ಟರನ್ನು ನೋಡಿ. ಧ್ಯಾನ ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ತಂಪು ಅಂತ ತಿಳಿಯಬೇಡಿ, ಕೆಲವರಿಗೆ ಕೆದಕುತ್ತದೆ. ಶಿಬಿರದ ಉತ್ಸಾಹದಲ್ಲಿ ಮಾತ್ರೆ ನಿಲ್ಲಿಸಿ ಬಂದವರನ್ನು ನೋಡಿದ್ದೇನೆ, ಅವರ ಮನೆಯವರ ಮುಖ ನೋಡಲು ಆಗುವುದಿಲ್ಲ.

"ಕರ್ಮ ಸುಡುತ್ತಿದೆ" ಅನ್ನುವ ಉತ್ತರ ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ನೆಮ್ಮದಿ ಸಿಕ್ಕರೆ ಕೋರ್ಸ್ ಕೆಲಸ ಮಾಡಿತು, ಸಿಟ್ಟು ಬಂದರೆ ಇನ್ನೂ ಚೆನ್ನಾಗಿ ಕೆಲಸ ಮಾಡಿತು ಅಂತಾದರೆ ಅದು ಕೆಟ್ಟಿತು ಅಂತ ಗೊತ್ತಾಗುವುದು ಯಾವಾಗ?

ಇನ್ನೊಂದು ಮಾತು. ನೀವು ಚಕ್ರದ ಬಗ್ಗೆ ನಾಲ್ಕು ಸಾಲು ಬರೆದಿರಿ, ಚಪ್ಪಲಿಯ ಬಗ್ಗೆಯೂ ಹೆಚ್ಚುಕಡಿಮೆ ಅಷ್ಟೇ ಬರೆದಿರಿ. ನನಗೆ ಉಳಿದದ್ದು ಚಪ್ಪಲಿ. ಅಪ್ಪನ ಬಗ್ಗೆ ಯಾರ ಹತ್ತಿರವಾದರೂ ಕೂತು ಮಾತಾಡಿದ್ದೀರಾ? ಅಮ್ಮನ ಹತ್ತಿರ? ಅವರೂ ಗಂಡನನ್ನು ಕಳೆದುಕೊಂಡಿದ್ದಾರೆ. ಹೊರಗೆ ಯಾರಾದರೂ ಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಿಮ್ಹಾನ್ಸ್‌ನಲ್ಲಿ ಯೋಗವನ್ನು ಚಿಕಿತ್ಸೆಯ ಜೊತೆ ಸೇರಿಸಿ ಕಲಿಸುವ ವಿಭಾಗವೂ ಇದೆ, ಡಾಕ್ಟರ ಕಣ್ಣಳತೆಯಲ್ಲಿ.

ವಿಜಯನಗರದವನು:

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಉತ್ತರ ಬರೆಯಲು ಆಗಲಿಲ್ಲ.

ಡೈರಿ ಸರ್ಕಲ್ ಮೇಡಂ, ನಿದ್ದೆ ನಾಲ್ಕು ಗಂಟೆ. ಉಸಿರಿನದು ದಿನಕ್ಕೆ 40 ನಿಮಿಷ. ಮಾತು ಕೇಳಿಸುವುದು ಅದೆಲ್ಲ ಇಲ್ಲ, ಎದೆ ಹೊಡೆದುಕೊಳ್ಳುವುದು ಇದೆ. ನಿಲ್ಲಿಸಿದ್ದೇನೆ. ಶುಕ್ರವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ, ಹೆಂಡತಿಯೂ ಬರುತ್ತಾಳೆ.

ಅಮ್ಮನ ವಿಷಯ. ಆ ಮಂಗಳವಾರದಿಂದ ಅವರು ಆರೂವರೆವರೆಗೆ ಅಡುಗೆಮನೆಗೇ ಕಾಲಿಡುತ್ತಿರಲಿಲ್ಲವಂತೆ. ಕತ್ತಲಲ್ಲಿ ಮಂಚದ ಮೇಲೆ ಕೂತು ನನ್ನ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದರು. ನನಗೆ ಗೊತ್ತೇ ಇರಲಿಲ್ಲ. ನಿನ್ನೆ ಬೆಳಗ್ಗೆ ನಾನೇ ಹೋಗಿ ಬೇಳೆ ತೊಳೆದು ಕುಕ್ಕರ್ ಇಟ್ಟೆ. ಎಷ್ಟು ಸೀಟಿ ಅಂತ ಕೇಳಿದೆ. "ನಿಮ್ಮಪ್ಪಂಗೆ ನಾಲ್ಕು ಬೇಕಿತ್ತು, ಬೇಳೆ ಕರಗಿರ್ಬೇಕು ಅವ್ರಿಗೆ" ಅಂದರು. ಆಮೇಲೆ ಮಾತು ಎಲ್ಲೆಲ್ಲಿಗೋ ಹೋಯಿತು. ಏಳೂವರೆಯ ಕ್ಯಾಬ್ ತಪ್ಪಿತು.

ಮೂರನೇ ಹಂತಕ್ಕೆ ಬರುವುದಿಲ್ಲ ಅಂತ ಹೇಳಿದೆ. ಹೆಬ್ಬಾಳದವರು ಹೇಳಿದ ಪರೀಕ್ಷೆಯೂ ಆಯಿತು. ಅರ್ಧ ದಾರಿಯಲ್ಲಿ ಬಿಟ್ಟರೆ ಶಕ್ತಿ ತಿರುಗಿ ಹೊಡೆಯುತ್ತದೆ ಅಂದರು. ಒಂದು ಕ್ಷಣ ಹೆದರಿದೆ, ಸುಳ್ಳು ಯಾಕೆ ಹೇಳಲಿ.

ಗಾಂಧಿ ಬಜಾರ್ ಅಂಕಲ್:

ಶನಿವಾರ ಹತ್ತು ಗಂಟೆಗೆ ಬನ್ನಿ. ಅಮ್ಮನನ್ನೂ ಕರೆದುಕೊಂಡು ಬನ್ನಿ. ಧಾರವಾಡದವರೇ, ನೀವೂ ಬಂದರೆ ಲೈಬ್ರರಿ ಬಗ್ಗೆ ಮುಖಾಮುಖಿ ಜಗಳ ಆಡೋಣ. ಅಂದ ಹಾಗೆ ಆ ಮುಂಗಡ ಐದು ಸಾವಿರ ವಾಪಸ್ ಬಂತಾ?

ವಿಜಯನಗರದವನು:

ಇಲ್ಲ ಅಂಕಲ್. ಫೋನ್ ಎತ್ತುತ್ತಿಲ್ಲ. ಮೌನವ್ರತ ಅಂತೆ.